ಕೌದಿಗೆ ದಿನವೂ ಹಸಿವಾದ ಬೇಸಿಗೆ

ಆ ದಿನಗಳಲ್ಲಿ ದಾಂಡೇಲಿಯ ನಮ್ಮಂಥ ಮಕ್ಕಳಿಗೆ ಬೇಸಿಗೆ ರಜೆಯೆಂದರೆ ಕಾಗದದ ಮಿಲ್ಲಿನ ವಾಸನೆಯಿಂದ ಬಿಡುಗಡೆ. ಅಪ್ಪ ನಮ್ಮನ್ನು ಮುಂಡಗೋಡದ ಕಡೆಯ ಸಿದ್ದಿ ಕೇರಿಯಲ್ಲಿದ್ದ ಅಜ್ಜಿಯ ಮನೆಗೆ ಬಿಟ್ಟು, ಮಿಲ್ಲಿನ ಪಾಳಿ ತಪ್ಪೀತೆಂದು ಅದೇ ಬಸ್ಸಿಗೆ ಓಡುತ್ತಿದ್ದ. ಅಲ್ಲಿಂದ ಮುಂದೆ ನಾವುಂಟು, ಅಜ್ಜಿಯುಂಟು, ಅವಳ ಕೌದಿಯುಂಟು.

ಹಳೆ ಸೀರೆ, ಧೋತರ, ನಮ್ಮ ಹರಿದ ಲಂಗ, ಎಲ್ಲ ತುಂಡುತುಂಡಾಗಿ ಕೌದಿ ಸೇರುತ್ತಿದ್ದವು. ಅಂಚಿನಿಂದ ಹೊಲಿಯುತ್ತ ಒಳಗೆ ಬಂದರೆ ಕೊನೆಗೆ ನಟ್ಟನಡುವೆ ಒಂದು ಚೌಕ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಅಲ್ಲಿ ಹೋಳಿಗೆಯ ಚೂರಿಟ್ಟು, ಮೇಲೊಂದು ತುಂಡು ಹೊಲಿದು ಮುಚ್ಚಬೇಕು. ಹಸಿದ ಕೌದಿಯ ಮೇಲೆ ಕೂಸನ್ನು ಮಲಗಿಸಬಾರದು ಅನ್ನುತ್ತಿದ್ದಳು ಅಜ್ಜಿ. ಕೌದಿಗೆ ಒಂದು ಚೂರು, ಉಳಿದ ಹೋಳಿಗೆಯೆಲ್ಲ ನಮಗೆ! ನಾವು ಆ ದಿನಕ್ಕಾಗಿಯೇ ಜೀವ ಹಿಡಿದುಕೊಂಡಿರುತ್ತಿದ್ದೆವು.

ಆ ವರ್ಷದ ಕೌದಿ ಅವ್ವನ ತಂಗಿ, ನಮ್ಮ ಚಿಗವ್ವನ ಕೂಸಿಗೆ. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೇರಿಯ ಮಕ್ಕಳೆಲ್ಲ ಮೊದಲು ಮಲಗಿದ್ದು ಅಜ್ಜಿ ಕೈಯ ಕೌದಿಯ ಮೇಲೆ. ತನ್ನ ಮೊಮ್ಮಗುವಿಗೆ ಅದು ತಪ್ಪುವುದುಂಟೆ? ಹೊಟ್ಟೆ ತುಂಬಿಸುವ ದಿನ ಬಂತು. ಬೆಲ್ಲ, ಏಲಕ್ಕಿ, ಕಾದ ತುಪ್ಪದ ವಾಸನೆಗೆ ನಾವು ಒಲೆ ಬಿಟ್ಟು ಕದಲಲಿಲ್ಲ.

ಮರುದಿನ ಅಜ್ಜಿ ಮತ್ತೆ ಕೌದಿ ಹರಡಿ ಕೂತಳು.

"ಬ್ಯಾಳಿ ಒಲಿ ಮ್ಯಾಲ ಇಡ್ರಿ. ಇವತ್ತ ಕೌದಿ ಹೊಟ್ಟಿ ತುಂಬಸೂಣು."

"ನಿನ್ನೆನ ತುಂಬಿಸೀಯಲ್ಲ ಅಜ್ಜಿ!" ಎಂದೆ.

"ಸುಳ್ಳ ಹೇಳಬ್ಯಾಡ! ನಾ ಇನ್ನೂ ಸೂಜಿನ ಮುಟ್ಟಿಲ್ಲ."

ಚಿಗವ್ವ ಬಿದ್ದುಬಿದ್ದು ನಕ್ಕಳು. "ಈ ಕೌದಿಗೂ ನನ್ನಂಗ ಬಸುರಿ ಬಯಕಿ ಹತ್ತೇತಿ ನೋಡ!"

ಮತ್ತೆ ಹೋಳಿಗೆ! ಅದಾದ ಮೇಲೆ ಮತ್ತೆ! ಮುಚ್ಚಿದ ಹೊಟ್ಟೆಯ ಮೇಲೆಯೇ ಇನ್ನೊಂದು ಚೂರು, ಇನ್ನೊಂದು ತುಂಡು ಬಟ್ಟೆ. ಕೌದಿಯ ಹೊಟ್ಟೆ ನಿಜವಾಗಿಯೂ ಉಬ್ಬಿತು. ಇರುವೆಗಳ ದಿಬ್ಬಣವೇ ಬಂತು. ಕೌದಿಯನ್ನು ಬೇಲಿಗೆ ಹಾಕಿ ನಾವೆಲ್ಲ ಕೋಲು ಹಿಡಿದು ಬಡಿದೆವು. ಅಂಥ ರಜೆ ಮತ್ತೊಂದು ಸಿಗಲಿಲ್ಲ.

ಚಿಗವ್ವನ ಹೆರಿಗೆಗೆಂದು ಅವ್ವ ಬಂದಾಗ "ದಿನಾ ಹೋಳಗಿ ಅವ್ವಾ!" ಎಂದು ಕೂಗುತ್ತ ಓಡಿದೆವು. ಅವ್ವ ನಕ್ಕಳು. ಆಮೇಲೆ ಕೌದಿಯ ಹೊಟ್ಟೆಯ ಮೇಲೆ ಕೈಯಾಡಿಸಿದಳು. ತುಂಡಿನ ಮೇಲೆ ತುಂಡು, ಅಡ್ಡಾದಿಡ್ಡಿ ಹೊಲಿಗೆ. ಅವಳ ನಗು ನಿಂತಿತು.

"ವಯಸ್ಸಾತಲ್ಲಕ್ಕಾ, ಅರಳು ಮರಳು," ಎಂದಳು ಚಿಗವ್ವ.

"ಸೂಜಿ ಎಲ್ಲಿಟ್ನಿ ಅಂತ ಮರಿಯೂದು ವಯಸ್ಸು. ಮಾಡಿದ್ದನ್ನ ಮಾಡೇ ಇಲ್ಲಂತ ಜಗಳಾ ತಗಿಯೂದು ಬ್ಯಾರೆ. ಈಗಷ್ಟ ನನಗ ಬಾವಿ ದಾರಿ ಕೇಳಿದಳು, ಇದ ಮನ್ಯಾಗ ಮುದುಕಿಯಾದಾಕಿ. ಇದು ಜಡ್ಡು, ತಂಗಿ."

ಚಿಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವ್ವ ಹೊಲಿಗೆಯೆಲ್ಲ ಬಿಚ್ಚಿ, ಕೌದಿ ಒಗೆದು ಒಣಹಾಕಿದಳು. ಅದು ಒಣಗುವಷ್ಟರಲ್ಲಿ ಚಿಗವ್ವನಿಗೆ ನೋವು ಶುರುವಾಯಿತು! ಸೂಲಗಿತ್ತಿ ಒಳಗೆ ಹೋದಳು. ಕೌದಿಯ ಹೊಟ್ಟೆ ಇನ್ನೂ ಖಾಲಿ. ಕೂಸು ಬರುವುದರೊಳಗೆ ಅದನ್ನು ಅಜ್ಜಿಯ ಕೈಯಿಂದಲೇ ಮುಚ್ಚಿಸಬೇಕು. ಅಜ್ಜಿ ಸೂಜಿ ಹಿಡಿದಳು, ಬಟ್ಟೆ ನೋಡಿದಳು, ಸೂಜಿ ನೋಡಿದಳು. ಕೈ ಮುಂದೆ ಹೋಗಲಿಲ್ಲ.

ಅವ್ವ ಅಜ್ಜಿಯ ಹಿಂದೆ ಕೂತು, ಅವಳ ಕೈಮೇಲೆ ತನ್ನ ಕೈಯಿಟ್ಟಳು. ಹೋಳಿಗೆಗೆ ಹೊತ್ತೆಲ್ಲಿ? ಬೆಲ್ಲದ ಚೂರೇ ಇಟ್ಟರು. ಎರಡು ಕೈಗೆ ಒಂದೇ ಸೂಜಿ. ಅಜ್ಜಿಯ ಬೆರಳು ಮೆಲ್ಲಗೆ ದಾರಿ ಹಿಡಿಯಿತು.

"ಚಂದ ಹೊಲೀತಿ. ಯಾರ ಮಗಳವಾ ನೀ?"

"ನಿನ್ನ ಮಗಳ."

"ಹಂಗಾರ ಬರಬೇಕ ಬಿಡು," ಎಂದಳು ಅಜ್ಜಿ, ಹೆಮ್ಮೆಯಿಂದ.

ಕೊನೆಯ ಗಂಟು ಬಿತ್ತು. ಒಳಗಿಂದ ಅಳು ಕೇಳಿತು. ಹೆಣ್ಣು ಕೂಸು! ಅಂಗಳ ಹಾರಿಹೋಗುವಂತೆ ಕುಣಿದೆವು.

ಅಜ್ಜಿಯ ಜಡ್ಡಿಗೆ ಅಲ್ಜೈಮರ್ ಎಂಬ ಹೆಸರಿದ್ದಿರಬೇಕೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಳೆಯದು ಉಳಿದು ನಿನ್ನೆಯದು ಅಳಿಸುವುದು, ಪಳಗಿದ ಕೈ ತಡವರಿಸುವುದು, ಗೊತ್ತಿರುವ ದಾರಿ ತಪ್ಪುವುದು, ಒಂದೊಂದನ್ನೇ ಡಾಕ್ಟರು ಹೇಳುತ್ತ ಹೋದಾಗ ನನಗೆ ಹೊಸದೇನೂ ಇರಲಿಲ್ಲ. ಅವರೆದುರು ಕೂತಿದ್ದ ರೋಗಿ ನನ್ನ ಅವ್ವ.

ದಾಂಡೇಲಿಯ ಅಂಬೇವಾಡಿಯ ಮನೆಯಲ್ಲಿ ಅವ್ವ ಈಗ ಎದ್ದೊಡನೆ ಒಮ್ಮೆ, ಚಹಾದ ಹೊತ್ತಿಗೊಮ್ಮೆ, ದೀಪ ಹಚ್ಚುವಾಗೊಮ್ಮೆ ಕಣ್ಣರಳಿಸಿ ಹೇಳುತ್ತಾಳೆ: "ಕೇಳಿದೇನ? ತಂಗಿಗೆ ಹೆಣ್ಣು ಕೂಸಾತಂತ!" ಅಜ್ಜಿಯ ಸುತ್ತ ನಾವು ಅಷ್ಟು ಮಕ್ಕಳಿದ್ದೆವು. ಅವಳ ಪ್ರತಿ ಹೋಳಿಗೆಗೂ ಅದೇ ಮೊದಲನೆಯದೆಂಬಂತೆ ಕುಣಿದೆವು. ಅವ್ವನಿಗೆ ನಾನೊಬ್ಬಳೇ ಇದ್ದೇನೆ. "ಹೌದೇನವ್ವಾ!" ಅನ್ನುತ್ತೇನೆ. ಬೆಳಿಗ್ಗೆ ಆ ದನಿ ಚೆನ್ನಾಗಿಯೇ ಬರುತ್ತದೆ. ಸಂಜೆಗೆ ಸೋಲುತ್ತದೆ.