ಗಾಳಿಮರದ ತೋಪಿನಲ್ಲಿ ದೊಡ್ಡಕ್ಕನಿಗೆ ಕೇಳಿದ ದನಿ

ನಮ್ಮ ತಮ್ಮ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಮಲಗಿದ್ದವನು ಏಳಲೇ ಇಲ್ಲ. ಬದುಕಿದ್ದಾಗ ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಕೆಂಗೇರಿಯ ಆಚೆಗಿರುವ ಕಾಡಿಗೆ ಹೋಗಿಬಿಡುತ್ತಿದ್ದ. ಅಲ್ಲಿ ಅಂಥದ್ದೇನಿದೆ ಎಂದು ನಾವು ಅಕ್ಕಂದಿರಿಬ್ಬರೂ ಒಮ್ಮೆಯೂ ಹೋಗಿ ನೋಡಿರಲಿಲ್ಲ. ಒಂದು ಬೆಳಿಗ್ಗೆ ಕುರುಬರಹಳ್ಳಿಯಿಂದ ದೊಡ್ಡಕ್ಕ ಫೋನ್ ಮಾಡಿ, ಇವತ್ತು ಅಲ್ಲಿಗೆ ಹೋಗಿಬರೋಣ ಅಂದಳು. ನಾನು ಮೂಡಲಪಾಳ್ಯದಿಂದ ಹೊರಟೆ. ಕೆಂಗೇರಿಯಲ್ಲಿ ಮೆಟ್ರೊ ಇಳಿದು ಇಬ್ಬರೂ ಆಟೊ ಹಿಡಿದೆವು.

ಗೇಟಿನ ಹತ್ತಿರ ಜನವೋ ಜನ. ಹೆಲ್ಮೆಟ್ ಹಾಕಿದ ಸೈಕಲ್ ಹುಡುಗರು, ಬಂಡೆ ಹತ್ತಲು ಹಗ್ಗ ಹೊತ್ತು ಬಂದ ಕಾಲೇಜಿನವರು, ಜಿಂಕೆ ಎಲ್ಲಿ ಎಂದು ಅಪ್ಪನ ಪ್ರಾಣ ತಿನ್ನುವ ಮಗು. ಬಂಡೆ ದಾಟಿದ ಮೇಲೆ ಗಾಳಿಮರಗಳ ತೋಪು. ಸೂಜಿಯಂಥ ಎಲೆ ಉದುರಿ ಉದುರಿ ನೆಲ ಮೆತ್ತಗಾಗಿತ್ತು. ನಮ್ಮ ಹೆಜ್ಜೆ ನಮಗೇ ಕೇಳುತ್ತಿರಲಿಲ್ಲ. ಕೆಳಗೆ ಗಾಳಿಯೇ ಇಲ್ಲದಿದ್ದರೂ ಮೇಲೆ ಸುಯ್ ಅನ್ನುವ ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ.

ದೊಡ್ಡಕ್ಕ ಥಟ್ಟನೆ ನಿಂತಳು. "ಬಂದೆ ಕಣೋ," ಅಂದಳು.

ತಮ್ಮ ಕರೆದಾಗಲೆಲ್ಲ ಅಡುಗೆಮನೆಯಿಂದ ಅವಳು ಓಗೊಡುತ್ತಿದ್ದುದು ಹಾಗೆಯೇ. ನವಿಲು ಕೂಗಿರಬೇಕು ಎಂದೆ.

"ನವಿಲಲ್ಲ ಕಣೇ. ದೊಡ್ಡಕ್ಕಾ ಅಂತ ಕರೆದ. ನಿಂಗೆ ಕೇಳಿಸ್ಲಿಲ್ವಾ?"

ಉತ್ತರಕ್ಕೂ ಕಾಯದೆ ದಾರಿ ಬಿಟ್ಟು ಇಳಿಜಾರಿಗಿಳಿದಳು. ಮಂಡಿನೋವೆಂದು ಮೆಟ್ಟಿಲು ಹತ್ತಲು ಒದ್ದಾಡುವವಳು ಲಂಟಾನ ಪೊದೆಗಳನ್ನು ಸರಿಸಿಕೊಂಡು ಹೋಗುವ ಬಿರುಸು ನೋಡಿ ನನಗೆ ಹೆದರಿಕೆಯಾಯಿತು. ಹಿಂದೆಯೇ ಓಡಿದೆ.

ಕೆಳಗಿನ ಕೊರಕಲಿನಲ್ಲಿ ಒಂದು ಸೈಕಲ್ ತಲೆಕೆಳಗಾಗಿ ಬಿದ್ದಿತ್ತು. ಪಕ್ಕದಲ್ಲಿ ನಮ್ಮ ತಮ್ಮನದೇ ವಯಸ್ಸಿನ ಒಬ್ಬ, ಕಣ್ಣು ಮುಚ್ಚಿ, ಒಂದು ಕಾಲು ಸೊಟ್ಟಗೆ ತಿರುಗಿ ಬಿದ್ದಿದ್ದ. ದೊಡ್ಡಕ್ಕ ಬಳಿಯಲ್ಲೇ ಕುಕ್ಕರಿಸಿ ಅವನ ಕೆನ್ನೆ ತಟ್ಟಿದಳು. ಕಣ್ಣು ಬಿಟ್ಟ. ನಾನು ದಾರಿಗೆ ಓಡಿ ಜನರನ್ನು ಕೂಗಿದೆ. ಗೇಟಿನ ಕಾವಲುಗಾರರು ಜೀಪ್ ತಂದರು.

ಅವನನ್ನು ಎತ್ತುವಾಗ ಅಕ್ಕ ಕೇಳಿದಳು: "ನಮ್ಮನ್ನ ಕರೆದಿದ್ದು ನೀನೇನಪ್ಪಾ?"

"ಇಲ್ಲ ಆಂಟಿ. ಬಿದ್ದಿದ್ದಷ್ಟೇ ನೆನಪು. ನೀವು ಮುಟ್ಟಿದ್ಮೇಲೇ ಎಚ್ಚರ ಆಯ್ತು."

ಅಕ್ಕ ತಲೆಯೆತ್ತಿ ಮೇಲಿನ ಗಾಳಿಮರಗಳತ್ತ ನೋಡಿದಳು.

ಮುರಿದ ಕಾಲು ಕೂಡಿಕೊಂಡಿತು. ಹಬ್ಬಗಳಲ್ಲಿ ಅವನು ಅಕ್ಕನಿಗೆ ಫೋನ್ ಮಾಡುತ್ತಾನೆ. ತಮ್ಮ ಹೋದಾಗಿನಿಂದ ಸರಿಯಾಗಿ ನಿದ್ದೆ ಕಾಣದ ಅಕ್ಕ ಈಗ ತಲೆ ಇಟ್ಟ ಕೂಡಲೇ ಮಲಗುತ್ತಾಳಂತೆ. ನಿದ್ದೆ ಬಾರದಿರುವುದು ಈಗ ನನಗೆ. ಅದೇ ತೋಪಿನಲ್ಲಿ ಅವಳ ಭುಜಕ್ಕೆ ಭುಜ ತಗಲುವಷ್ಟು ಹತ್ತಿರದಲ್ಲಿ ನಾನೂ ಇದ್ದೆ. ನನ್ನನ್ನು ತಮ್ಮ ಚಿಕ್ಕಕ್ಕ ಅನ್ನುತ್ತಿದ್ದ.

ಆಮೇಲೆ ಯಾರಿಗೂ ಹೇಳದೆ ಎಷ್ಟೋ ಸಲ ಒಬ್ಬಳೇ ಹೋಗಿ ಆ ಮರಗಳ ಕೆಳಗೆ ನಿಂತು ಬಂದಿದ್ದೇನೆ. ನವಿಲು ಕೂಗುತ್ತದೆ. ಹಿಂದಿನಿಂದ ಸೈಕಲ್ ಬೆಲ್ ಕೇಳಿ ತಿರುಗಿದರೆ ಯಾರೋ ಗೊತ್ತಿಲ್ಲದವರು, ಸ್ವಲ್ಪ ದಾರಿ ಬಿಡಿ ಎಂದು ಮುಂದೆ ಹೋಗುತ್ತಾರೆ.