ಉಳ್ಳಾಗಡ್ಡಿ ಕೋಣೆಯ ಏಕಾಂತ

ಊದಿನಕಡ್ಡಿಯ ವಾಸನೆಗೆ ಭಕ್ತಿ ಉಕ್ಕುವವರನ್ನು ನೀವು ನೋಡಿರುತ್ತೀರಿ. ಲೋಬಾನದ ಹೊಗೆಗೆ ಕಣ್ಣು ಮುಚ್ಚುವವರು ನಮ್ಮ ಓಣಿಯಲ್ಲೇ ಇದ್ದಾರೆ. ನನಗೆ ಮಾತ್ರ ಭಕ್ತಿ ಬರುವುದು ಉಳ್ಳಾಗಡ್ಡಿ ವಾಸನೆಗೆ. ನಗಬೇಡಿರಿ. ಇವತ್ತು ಮುಂಜಾನೆ ಅಡುಗೆಗೆಂದು ಚೀಲದ ಬಾಯಿ ಬಿಚ್ಚಿದೆ. ಒಣಸಿಪ್ಪೆ, ಗೋಣಿತಟ್ಟು, ಒಂದಿಷ್ಟು ಮಣ್ಣು ಕೂಡಿದ ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಕುಂತಲ್ಲೇ ಮೈ ನೆಟ್ಟಗಾಯಿತು, ಬಾಯಿ ಮುಚ್ಚಿತು. ನನ್ನ ಬಾಯಿ ಮುಚ್ಚಿತು ಅಂದರೆ ಆಳಂದದಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮೊದಲು ಆ ಬಾಯಿಯ ಸಮಾಚಾರ. ನಾನು ಮಿಶನ್ ಶಾಲೆಯಲ್ಲಿ ಹಾಡು ಕಲಿಸುವ ಮಾಸ್ತರ. ಅದು ಸಂಬಳದ ಕೆಲಸ. ನಿಜವಾದ ಕಸುಬು ಮಂದಿಯ ದನಿ ತೆಗೆಯುವುದು. ತಹಸೀಲ ಕಚೇರಿಯ ಪೇಶ್ಕಾರರು ಬಾಯಿ ತುಂಬ ಪಾನ್ ಇಟ್ಟುಕೊಂಡು ಗದರುವ ಉರ್ದು ನನಗೆ ಬರುತ್ತದೆ. ವರ್ಷಕ್ಕೊಮ್ಮೆ ಬರುವ ಮಿಶನ್ ದೊರೆ ಕನ್ನಡ ಮಾತಾಡುವಾಗ ಒಂದೊಂದು ಅಕ್ಷರವೂ ಹಲ್ಲಿಗೆ ಸಿಕ್ಕಿ ಒದ್ದಾಡುವುದೂ ಬರುತ್ತದೆ. ನನ್ನ ಅಣಕವನ್ನು ನಾನೇ ಮಾಡಿ ತೋರಿಸಿದರೆ ಮಾತ್ರ ಯಾರಿಗೂ ಗುರುತು ಹತ್ತುವುದಿಲ್ಲ, ಇಷ್ಟು ಸಪ್ಪಗಿನ ದನಿ ಯಾರದಪ್ಪಾ ಅಂತ ಕೇಳುತ್ತಾರೆ.

ಎಲ್ಲಕ್ಕಿಂತ ನನಗೆ ಒಲಿದದ್ದು ದಾವೀದ ಮಾಮಾನ ದನಿ. ಮಾಮಾ ನಮ್ಮವ್ವನ ಅಣ್ಣ, ನಮ್ಮ ಸಭೆಯ ಪಾದ್ರಿ. ನಾನಿರುವುದು ಅವನ ಮನೆಯಲ್ಲೇ, ಉಣ್ಣುವುದು ಅತ್ತಿಯ ಕೈ ರೊಟ್ಟಿ. ಪ್ರಾರ್ಥನೆಗೆ ಮೊದಲು ಮಾಮಾನ ಗಂಟಲಲ್ಲಿ ಎತ್ತಿನಗಾಡಿ ಹೊರಟಂತೆ ಒಂದು ಕೆಮ್ಮು ಏಳುತ್ತಿತ್ತು. ಅದನ್ನು ನಾನು ಎಷ್ಟು ಹದವಾಗಿ ಕೆಮ್ಮುತ್ತಿದ್ದೆನೆಂದರೆ ಒಮ್ಮೆ ಆರಾಧನೆಯಲ್ಲಿ ಹಿಂದಿನ ಸಾಲಿನವರು ಎದ್ದು ನಿಂತು ತಲೆ ಬಗ್ಗಿಸಿದ್ದರು. ಮಾಮಾ ಇನ್ನೂ ಬಂದೇ ಇರಲಿಲ್ಲ.

ಅದು ಲಡಾಯಿಯ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಲಿ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ನನ್ನ ದೊಡ್ಡಮನಸ್ಸು. ಮಾಮಾನ ಪಾಲಿಗೆ ಮೂರು ತಾಲೂಕು: ಆಳಂದದಲ್ಲಿ ಮನೆ, ಅಫಜಲಪುರದಲ್ಲಿ ಒಂದು ಹಿಡಿ ಮಂದಿಯ ಸಭೆ, ಭೀಮಾ ದಾಟಿದರೆ ಜೇವರ್ಗಿಯಲ್ಲಿ ಇನ್ನೊಂದು. ಬಸ್ಸಿನ ತಲೆಯ ಮೇಲೆ ಸೈಕಲ್ಲು, ಬಸ್ಸು ನಿಂತಲ್ಲಿಂದ ಸೈಕಲ್ಲಿನ ಮೇಲೆ ಮಾಮಾ. ಪ್ರಾರ್ಥನೆಯಷ್ಟೇ ಆಗಿದ್ದರೆ ನಡೆಯುತ್ತಿತ್ತು. ಜಗಳ ಬಿಡಿಸಬೇಕು, ಕನ್ಯಾ ತೋರಿಸಬೇಕು, ರಚ್ಚೆ ಹಿಡಿದ ಕೂಸಿನ ತಲೆಯ ಮೇಲೆ ಕೈ ಇಡಬೇಕು, ಉರ್ದು ಬಲ್ಲವನಾದ್ದರಿಂದ ಕಚೇರಿಯ ಕಾಗದ ಓದಿ ಹೇಳಬೇಕು. ನಮ್ಮ ಸಭೆಯವರು, ಲಿಂಗಾಯತರು, ಮುಸಲ್ಮಾನರು ಎಂಬ ಭೇದವಿರಲಿಲ್ಲ. ಪಾದ್ರಿಗೆ ಕಾಟ ಕೊಡುವುದರಲ್ಲಿ ಎಲ್ಲರೂ ಅಣ್ಣತಮ್ಮಂದಿರು.

ಒಂದು ಮಧ್ಯಾಹ್ನ ಜೇವರ್ಗಿ ದಾರಿಯಲ್ಲಿ ಸೈಕಲ್ಲಿನ ಗಾಳಿ ಹೋಯಿತು. ಬೇವಿನ ಗಿಡದ ಕೆಳಗೆ ಕುಂತೆವು. ಮಾಮಾನನ್ನು ನಗಿಸೋಣವೆಂದು ದೊರೆಯ ದನಿಯಲ್ಲಿ ಟ್ಯೂಬಿಗೆ ಆಶೀರ್ವಾದ ಮಾಡಿದೆ. ಅವನು ನಗಲಿಲ್ಲ.

"ಮಂದಿಗೆಲ್ಲಾ ಪ್ರಾರ್ಥನಾ ಮಾಡಸ್ತೀನಿ. ನಾ ನನ್ನಷ್ಟಕ್ಕ ಕುಂತು ಮಾಡಿದ್ದು ಯಾವಾಗೋ ನೆನಪಿಲ್ಲಲೇ," ಅಂದ. "ಬಾವ್ಯಾಗ ನೀರಿಲ್ಲ. ಬರೇ ಗಡಗಡಿ ಸಪ್ಪಳ ಉಳದದ."

ಸುಗ್ಗಿಯ ಆರಾಧನೆ ಮುಗಿದ ಮೇಲೆ ಸಭೆಯ ಕೀಲಿಕೈ ಹಿರಿಯರ ಕೈಗಿಟ್ಟು ಯಡ್ರಾಮಿಗೆ ಹೋಗಿಬಿಡುತ್ತೇನೆ, ಅಣ್ಣನ ಹೊಲದಲ್ಲಿ ತೊಗರಿ ಬಿತ್ತಿಕೊಂಡಿರುತ್ತೇನೆ ಅಂದ. ತೊಗರಿಗೂ ಕಸಕ್ಕೂ ಫರಕು ತಿಳಿಯದ ಮನುಷ್ಯ ಈ ಮಾತು ಆಡಿದನೆಂದರೆ ಸಂಗತಿ ಎಲ್ಲಿಗೆ ಮುಟ್ಟಿತ್ತು ನೋಡಿರಿ.

ಮಿಶನ್ನಿನವರಲ್ಲಿ ಏಕಾಂತದ ಪದ್ಧತಿಯೊಂದಿದೆ. ಒಂದು ದಿನ ಕೆಲಸವನ್ನೆಲ್ಲ ಬಿಟ್ಟು ಒಬ್ಬರೇ ದೇವರ ಮುಂದೆ ಕೂಡುವುದು. ಮಾತಿಲ್ಲ, ಭೆಟ್ಟಿಯಿಲ್ಲ, ಬೈಬಲ್ಲಿನ ಚೂರು ವಾಕ್ಯ ಓದುವುದು, ಉಳಿದ ಹೊತ್ತು ಸುಮ್ಮನಿರುವುದು. ದೊರೆಗಳು ಅದಕ್ಕೆಂದು ತಂಪು ಗುಡ್ಡಗಳಿಗೆ ಹೋಗುತ್ತಾರೆ. ನಮ್ಮ ಸೀಮೆಯಲ್ಲಿ ಗುಡ್ಡವೆಂದರೆ ಜೋಳದ ಕಣಿಕೆಯ ಬಣವಿ. ಆದರೂ ಅತ್ತಿಯ ಒತ್ತಾಯಕ್ಕೆ ಮಾಮಾ ಒಂದು ದಿನ ನರೋಣಾ ದಾರಿಯ ಹುಣಸೆ ತೋಪಿಗೆ ಹೋಗಿ ಒಬ್ಬನೇ ಕುಂತ.

ಕುರಿ ಕಾಯುವವನೊಬ್ಬ ನೋಡಿದ. ಅಷ್ಟೇ ಸಾಕಾಯಿತು. ಬೇರೆ ಸೀಮೆಗಳಲ್ಲಿ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಒಬ್ಬ ಮನುಷ್ಯ ದೇವರಿಗಾಗಿ ಒಂಟಿಯಾಗಿ ಕುಂತನೆಂದರೆ ಅವನನ್ನು ಒಂಟಿಯಾಗಿ ಬಿಡುವುದು ಪಾಪ. ಜಿಡಗಾ ಮಠಕ್ಕೆ ನಡೆದುಕೊಳ್ಳುವ ನಮ್ಮ ಓಣಿಯ ನಾಗಮ್ಮ ಆಯಿ, ಪಾದ್ರಿಗಳು ಅನುಷ್ಠಾನಕ್ಕೆ ಕುಂತಾರಂತ ತೆಂಗಿನಕಾಯಿ ಹಿಡಿದು ಬಂದಳು. ಟಾಂಗಾ ಹೊಡೆಯುವ ಖಾಜಾ ಚಾಚಾ, ಪಾದ್ರಿ ಸಾಬರು ಫಕೀರರ ಹಾಗೆ ಚಿಲ್ಲಾ ಕುಂತಾರಂತ ಮೊಮ್ಮಗಳನ್ನು ದುವಾ ಓದಿ ಊದಿಸಲು ತಂದ. ಮಂದಿಗೆಲ್ಲ ಆಶೀರ್ವಾದ ಸಿಕ್ಕು ನಮಗೇ ಇಲ್ಲವೆ ಅಂತ ಸಭೆಯ ಹಿರಿಯ ಸಾಮುವೇಲಪ್ಪ ಸಿಟ್ಟಾಗಿ ನಮ್ಮವರನ್ನೆಲ್ಲ ಕರೆದುಕೊಂಡು ಬಂದ. ಮಧ್ಯಾಹ್ನದ ಹೊತ್ತಿಗೆ ಚುರುಮುರಿ ಮಾರುವವನೂ ಬಂದ. ಮಾಮಾ ಸಂಜೆಗೆ ಗೋಣಿ ತುಂಬ ತೆಂಗಿನಕಾಯಿ ಹೊತ್ತುಕೊಂಡು, ಹೋದಾಗ ಇದ್ದದ್ದಕ್ಕಿಂತ ಹೆಚ್ಚು ದಣಿದು ಮನೆಗೆ ಬಂದ. ಅತ್ತಿ ಚಟ್ನಿ ಅರೆದದ್ದೇ ಅರೆದದ್ದು. ಸುಗ್ಗಿ ಹತ್ತಿರ ಬರುತ್ತಿತ್ತು. ಮಾಮಾ ಸಭೆಯ ಕೀಲಿಕೈಗೆ ಎಣ್ಣೆ ಹಚ್ಚಿ ಒರೆಸುತ್ತ ಕೂಡತೊಡಗಿದ.

ಆಗ ಅತ್ತಿ ನನ್ನನ್ನು ಅಡುಗೆಮನೆಗೆ ಕರೆದಳು. ಇಡೀ ಊರನ್ನು ಅಣಕಿಸುವ ಬಾಯಿ ಒಂದು ದಿನ ಮನೆಗೆ ಉಪಯೋಗ ಬೀಳಲಿ ಅಂದಳು. ಹಂಚಿಕೆ ಹೀಗಿತ್ತು: ನಸುಕಿನಲ್ಲಿ ಖಾಜಾ ಚಾಚಾನ ಪರದೆ ಕಟ್ಟಿದ ಟಾಂಗಾದಲ್ಲಿ ಮಾಮಾ, ಚಾಚಾನ ತಮ್ಮನ ಪೇರಲ ತೋಟಕ್ಕೆ ಹೋಗಬೇಕು. ಹೆಂಗಸರು ಕೂಡುವ ಪರದೆಯ ಟಾಂಗಾದೊಳಗೆ ಹಣಿಕಿ ಹಾಕುವ ಧೈರ್ಯ ಆಳಂದದಲ್ಲಿ ಯಾರಿಗೂ ಇಲ್ಲ. ಮನೆಯ ಉಳ್ಳಾಗಡ್ಡಿ ಕೋಣೆಯಲ್ಲಿ ಕದ ಮುಚ್ಚಿಕೊಂಡು ನಾನು ಕುಂತು, ಆಗಾಗ ಮಾಮಾನಂತೆ ಕೆಮ್ಮಬೇಕು. ಮಂದಿ ಬಂದರೆ ಅಂಗಳದಲ್ಲೇ ಕುಂತು ಹೋಗಲಿ.

ಮಾಮಾ ಒಳಗಿದ್ದಾನೆ ಅಂತ ಹೇಳಿಬಿಡು ಅಂದೆ. ಅತ್ತಿ ಕಣ್ಣು ಕೆಂಪಗೆ ಮಾಡಿದಳು.

"ಸುಳ್ಳು ನನ್ನ ಬಾಯಾಗ ಬರಂಗಿಲ್ಲ. ಒಳಗ ಏಕಾಂತ ನಡದದ ಅಂತ ಹೇಳ್ತೀನಿ. ಅದು ಖರೇ ಆಗಬೇಕಂದ್ರ ನೀ ಖರೇನ ಕುಂದ್ರಬೇಕು, ತಿಳೀತಿಲ್ಲೋ?"

ಹೀಗೆ ನನ್ನ ಭಕ್ತಿ ಶುರುವಾದದ್ದು ಅತ್ತಿಯ ಸತ್ಯಕ್ಕೆ ಜಾಮೀನಾಗಿ.

ಆ ಮುಂಜಾನೆ ಖಾಜಾ ಚಾಚಾ, ಒಳಗ ಜನಾನಾ ಅದ, ಹಾದಿ ಬಿಡ್ರಿ ಅಂತ ಕೂಗುತ್ತ ಟಾಂಗಾ ಹೊಡೆದನಂತೆ. ಪರದೆಯ ಸಂದಿಯಿಂದ ಮಾಮಾನ ಮೀಸೆ ಕಾಣಲಿಲ್ಲವೆನ್ನುವುದು ದೇವರು ಮಾಡಿದ ಮೊದಲ ಉಪಕಾರ. ನಾನು ಕೋಣೆಯಲ್ಲಿ ಚೀಲಗಳ ನಡುವೆ ಕುಂತೆ. ಸ್ವಲ್ಪ ಹೊತ್ತಿಗೇ ಅಂಗಳ ತುಂಬಿತು. ನಾನು ಒಂದು ಗಾಡಿಕೆಮ್ಮು ಬಿಟ್ಟೆ. ಹೊರಗೆ ಎಲ್ಲರೂ ಗಪ್ಪಾದರು. ನನಗೆ ನಗು ತಡೆಯಲಾಗದೆ ಗೋಣಿಚೀಲ ಕಚ್ಚಿಕೊಂಡೆ.

ಆದರೆ ಎಷ್ಟಂತ ಕೆಮ್ಮುತ್ತೀರಿ? ಹೊತ್ತು ಏರಿತು. ಪ್ರಾರ್ಥನೆಯನ್ನಾದರೂ ಮಾಡೋಣವೆಂದರೆ ಬಾಯಿಗೆ ಬಂದದ್ದು ಮಾಮಾನ ದನಿ. ಬೇಡವೆಂದು ತಡೆದರೆ ದೊರೆಯದು. ಅದನ್ನು ತಡೆದರೆ ಪೇಶ್ಕಾರರು ದೇವರಿಗೆ ಉರ್ದುವಿನಲ್ಲಿ ಹುಕುಂ ಹೊರಡಿಸಿದರು. ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸುತ್ತ ಬಂದೆ. ಕಡೆಗೆ ಕೋಣೆಯಲ್ಲಿ ಯಾರೂ ಉಳಿಯಲಿಲ್ಲ. ಮೇಲಿನ ಬೆಳಕಿಂಡಿಯಿಂದ ಬಿಸಿಲಿನ ಒಂದು ರೊಟ್ಟಿ ನೆಲಕ್ಕೆ ಬಿದ್ದು ನಿಧಾನ ನನ್ನ ಕಡೆಗೆ ಸರಿಯುತ್ತಿತ್ತು. ಅದು ನನ್ನ ಪಾದ ಮುಟ್ಟಿತು, ಮೊಳಕಾಲು ಏರಿತು. ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಹುಟ್ಟಿದಾಗಿನಿಂದ ಯಾರನ್ನೋ ನಗಿಸುತ್ತಲೇ ಇದ್ದವನನ್ನು ಅವತ್ತು ನಗಿಸದೆಯೂ ಒಬ್ಬರು ಹತ್ತಿರ ಕೂಡಿಸಿಕೊಂಡಿದ್ದರು. ಇಷ್ಟನ್ನು ಮಾತ್ರ ಹೇಳಬಲ್ಲೆ. ಇದಕ್ಕೂ ಹೆಚ್ಚು ಹೇಳಿದರೆ ಪಾದ್ರಿಯ ಅಣಕವಾದೀತು.

ಇಳಿಹೊತ್ತಿಗೆ ಕದ ಬಡಿದ ಸದ್ದಾಯಿತು. ಸಾಮುವೇಲಪ್ಪ. ಸುಗ್ಗಿಯ ಆರಾಧನೆಗೆ ಮೊದಲ ಜೋಳದ ಹೊರೆ ಯಾರ ಮನೆಯಿಂದ ಬರಬೇಕು ಅಂತ ಎರಡು ಮನೆಗಳಲ್ಲಿ ಜಗಳ ಹತ್ತಿದೆಯಂತೆ, ಪಾಸ್ಟರು ಒಂದೇ ಒಂದು ಮಾತು ಹೇಳಲಿ, ಈಗಲೇ ಹೇಳಲಿ. ಮಾಮಾನ ದನಿಯಲ್ಲಿ ನಾಳೆ ಬಾರೋ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಆ ದನಿ ತೆಗೆಯಲು ಮನಸ್ಸಾಗಲಿಲ್ಲ, ಮುಚ್ಚಿಕೊಂಡೆ. ಅವನು ಮತ್ತೆ ಬಡಿದ. ಕದ ತೆಗೆದಿದ್ದರೆ ಎಲ್ಲ ಬಯಲಾಗಿ ಊರೆಲ್ಲ ಪೇರಲ ತೋಟಕ್ಕೆ ಹೊರಡುತ್ತಿತ್ತು. ಅಷ್ಟರಲ್ಲಿ ಅಂಗಳದಿಂದ ನಾಗಮ್ಮ ಆಯಿಯ ಮಾತು ಕೇಳಿಸಿತು, ಮೆತ್ತಗೆ, ಬೈಗುಳದಂತೆಯೂ ಅಲ್ಲದೆ:

"ಅವರ ಹಂಗ ನೀನೂ ಸುಮ್ಮ ಕುಂದ್ರು ನೋಡಪ್ಪಾ, ಏನಾಗ್ತದ."

ಸಾಮುವೇಲಪ್ಪ ಕುಂತ. ಆಮೇಲೆ ಅಂಗಳದಲ್ಲಿ ಕೆಮ್ಮು ಕೂಡ ಇಲ್ಲ. ಕದದ ಸಂದಿಯಿಂದ ನೋಡಿದೆ. ಅಷ್ಟು ಮಂದಿ, ಏನೂ ಬೇಡದೆ ಕುಂತಿದ್ದರು. ಅತ್ತಿಯ ಕೈಯಲ್ಲಿ ಮೊರವಿರಲಿಲ್ಲ, ಕುಡುಗೋಲಿರಲಿಲ್ಲ. ಅವಳ ಕೈ ಖಾಲಿ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು.

ಸಂಜೆಗೆ ಮಾಮಾ ಬಂದ. ಹಿತ್ತಲಿನಿಂದ ಬರಬೇಕೆಂಬುದು ಹಂಚಿಕೆ. ಆ ಪುಣ್ಯಾತ್ಮ ಅದನ್ನು ಮರೆತೇಬಿಟ್ಟಿದ್ದ. ಧೋತರದ ಮಡಿಲಲ್ಲಿ ಪೇರಲ ತುಂಬಿಕೊಂಡು, ದೊಡ್ಡ ದನಿಯಲ್ಲಿ ಹಾಡುತ್ತ ಮುಂಬಾಗಿಲಿನಿಂದಲೇ ಬಂದ. ಅಂಗಳವೆಲ್ಲ ತಿರುಗಿ ನೋಡಿತು. ಒಳಗಿರಬೇಕಾದ ಪಾದ್ರಿ ಹೊರಗೆ ನಿಂತಿದ್ದಾನೆ. ಮಾಮಾನ ಹಾಡು ಅರ್ಧಕ್ಕೆ ನಿಂತಿತು.

"ಹಂಗಾರ ಒಳಗ ಕುಂತಾವ ಯಾರಬೇ?" ಅಂತ ನಾಗಮ್ಮ ಆಯಿ ಅತ್ತಿಯನ್ನು ಕೇಳಿದಳು.

ನಾನು ಕದ ತೆಗೆದು ಹೊರಗೆ ಬಂದೆ. ತಲೆಯ ತುಂಬ ಉಳ್ಳಾಗಡ್ಡಿ ಸಿಪ್ಪೆ. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ನಿಂತೆ. ಆಯಿ ನನ್ನನ್ನು ಕೆಳಗಿನಿಂದ ಮೇಲಿನತನಕ ನೋಡಿದಳು.

"ಈ ಮಂಗ್ಯಾ ಇಡೀ ದಿನ ಬಾಯಿ ಮುಚ್ಚಿ ಕುಂತಾನಂದ್ರ ದೇವ್ರು ಖರೇನ ಬಂದು ಹೋಗ್ಯಾನ," ಅಂದಳು.

ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಮಾ. ಪೇರಲ ಹಂಚುತ್ತ ಸಾಮುವೇಲಪ್ಪನಿಗೆ, ಎರಡೂ ಮನೆಯವರು ಒಂದೇ ಹೊರೆಯನ್ನು ಕೂಡಿ ಹೊತ್ತು ತರಲಿ ಅಂದ. ಆಮೇಲೆ ನನ್ನ ಕಡೆ ತಿರುಗಿ, ಸೈಕಲ್ಲಿಗೆ ಗಾಳಿ ಹಾಕಿಡು, ನಾಳೆ ಜೇವರ್ಗಿಗೆ ಹೋಗುವುದಿದೆ ಅಂದ. ಸುಗ್ಗಿಯ ಆರಾಧನೆಯಲ್ಲಿ ಅವನು ಆಡಿದ್ದು ನಾಲ್ಕೇ ಮಾತು. ಆ ನಾಲ್ಕು ಮಾತಿಗೆ ಖಾಜಾ ಚಾಚಾ ಬಾಗಿಲ ಹೊರಗೆ ನಿಂತು ಕಣ್ಣೊರೆಸಿಕೊಂಡ. ಯಡ್ರಾಮಿಯ ತೊಗರಿ ಮಾಮಾನ ಕೈಯಿಂದ ಪಾರಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಏಕಾಂತಕ್ಕೆ ಸರದಿ ಬಂದಿದೆ. ಇವತ್ತು ಅತ್ತಿಯ ಸರದಿ. ಬುತ್ತಿ ಕಟ್ಟಿಕೊಂಡು, ಪರದೆಯಿಲ್ಲದ ಟಾಂಗಾದಲ್ಲಿ, ಓಣಿಯವರಿಗೆಲ್ಲ ಹೇಳಿಯೇ ಹೋಗಿದ್ದಾಳೆ. ಒಲೆಯ ಮುಂದೆ ಮಾಮಾ ಮತ್ತು ನಾನು. ರೊಟ್ಟಿ ನಾನು ತಟ್ಟಿದ್ದು. ನಿಜಾಮರ ರಾಜ್ಯದ ನಕಾಶೆಯಂತಿದೆ, ಗಡಿಗಳಲ್ಲಿ ಸುಟ್ಟಿದೆ.

ಈಗಷ್ಟೇ ಸಾಮುವೇಲಪ್ಪ ಅತ್ತಿಯನ್ನು ಕೇಳಿಕೊಂಡು ಬಂದ. ಅವಳು ಒಳಗಿದ್ದಾಳೆ ಅನ್ನಿಸುವಂತೆ ಅವಳ ದನಿ ತೆಗೆಯುವುದು ನನಗೇನು ಕಷ್ಟವಲ್ಲ. ತೆಗೆಯಲಿಲ್ಲ. ನನ್ನ ಸಪ್ಪೆ ದನಿಯಲ್ಲೇ ಹೇಳಿದೆ, ಅತ್ತಿ ದೇವರ ಕೂಡ ಕುಂದ್ರಾಕ ಹೋಗ್ಯಾಳ್ರಿ, ಇವತ್ತು ಯಾರಿಗೂ ಸಿಗೂದಿಲ್ಲ ಅಂತ. ಎಲ್ಲಿ ಅಂತ ಅವನು ಕೇಳಲಿಲ್ಲ. ಬಂದ ಕೆಲಸವೇನೆಂದೂ ಹೇಳಲಿಲ್ಲ. ಚಪ್ಪಲಿ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು, ಹೊಸ್ತಿಲಿನ ಮೇಲೆ ಓಣಿಗೆ ಮುಖ ಮಾಡಿ ಕುಂತ. ಸುಟ್ಟ ರೊಟ್ಟಿಯ ಒಂದು ಚೂರು ಕೊಟ್ಟೆ, ಅಗಿದ. ಓಣಿಯ ತುದಿಯಲ್ಲಿ ಇನ್ನಾರೋ ಇಬ್ಬರು ನಮ್ಮ ಮನೆಯ ಕಡೆಗೇ ಬರುತ್ತಿದ್ದರು. ಸಾಮುವೇಲಪ್ಪ ಕುಂತಲ್ಲಿಂದಲೇ ಕೈ ಎತ್ತಿದ.

"ನಾಳಿಗಿ ಬರ್ರಿ," ಅಂದ. "ಆಕಿ ಇವತ್ತು ಕುಂತಾಳ."