ಆವಿ ಕೋಣೆಯ ಇಲ್ಲಮ್ಮ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನ ಪಕ್ಕಕ್ಕೆ, ಹಸಿರು ಬಾಗಿಲಿನ ಒಂದು ಕೋಣೆ. ಆಪರೇಷನ್ ಮುಗಿದ ಕತ್ತರಿ, ಇಕ್ಕಳ, ಚಾಕುಗಳೆಲ್ಲ ರಕ್ತ ಮೆತ್ತಿಕೊಂಡು ಅಲ್ಲಿಗೆ ಇಳಿದು ಬರುತ್ತವೆ. ತೊಳೆಸಿಕೊಂಡು, ಬಟ್ಟೆಯಲ್ಲಿ ಕಟ್ಟಿಸಿಕೊಂಡು, ದೊಡ್ಡ ಯಂತ್ರದ ಆವಿಯಲ್ಲಿ ಬೆಂದು ಮತ್ತೆ ಮೇಲಕ್ಕೆ ಹೋಗುತ್ತವೆ. ಗುಣವಾದವರು ಡಾಕ್ಟರಿಗೆ ಸಿಹಿ ತಂದುಕೊಡುತ್ತಾರೆ, ನರ್ಸಮ್ಮನ ಕೈಹಿಡಿದು ಅಳುತ್ತಾರೆ. ಈ ಕೋಣೆ ಎಲ್ಲಿದೆ ಅಂತ ಕೇಳಿದ ಪುಣ್ಯಾತ್ಮರು ಇವತ್ತಿನವರೆಗೆ ಒಬ್ಬರೂ ಇಲ್ಲ.

ಮೂವತ್ತೊಂದು ವರ್ಷ ಆ ಕೋಣೆಯ ಕೀಲಿಕೈ ದೊಡ್ಡಕ್ಕನ ಹತ್ತಿರವಿತ್ತು. ದೊಡ್ಡಕ್ಕ ಹೇಳಿ ಕೇಳಿ ದೈವಭಕ್ತೆ. ಯಂತ್ರದ ಮೇಲಿನ ಗೋಡೆಗೆ ದೇವರ ಪಟ ಹಾಕಿಸಿದವಳು ಅವಳೇ; ಯಂತ್ರದ ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ಪಟದ ಮುಂದೆ ನಿಂತು ಎರಡು ನಿಮಿಷ ಕಣ್ಣು ಮುಚ್ಚಬೇಕೆಂದು ಕಟ್ಟಳೆ ಮಾಡಿದವಳೂ ಅವಳೇ. ಎಲ್ಲರೂ ಅಂದರೆ, ಒಬ್ಬಳನ್ನು ಬಿಟ್ಟು.

ಆ ಒಬ್ಬಳು ಹನ್ನೊಂದು ವರ್ಷದ ಹಿಂದೆ ನೆಲ ಒರೆಸುವ ಕೆಲಸಕ್ಕೆ ಬಂದವಳು. ಮೊದಲ ದಿನವೇ ದೊಡ್ಡಕ್ಕ, "ದೇವರನ್ನ ನಂಬ್ತೀಯ ತಾನೇ?" ಎಂದು ಕೇಳಿದ್ದಳು. ಆಕೆ ಬಕೆಟ್ಟು ಕೆಳಗಿಟ್ಟು, "ಇಲ್ಲಮ್ಮ" ಎಂದಳು. ಅವತ್ತಿನಿಂದ ಅದೇ ಹೆಸರಾಯಿತು. ಬೇಜಾರು ಮಾಡಿಕೊಂಡಳೇ? ಊಹೂಂ. ಊಟದ ಡಬ್ಬಿಯ ಮೇಲೂ ತಾನೇ 'ಇಲ್ಲಮ್ಮ' ಎಂದು ಬರೆದುಕೊಂಡಳು.

ಏನೋ ದೊಡ್ಡ ನೋವು ತಿಂದೇ ಹೀಗಾಗಿರಬೇಕು ಎಂದು ಎಲ್ಲರ ಲೆಕ್ಕಾಚಾರ. ಒಂದು ದಿನ ದೊಡ್ಡಕ್ಕ ಮೆಲ್ಲಗೆ ಕೆದಕಿದಳು. "ಅಯ್ಯೋ, ಅಂಥದ್ದೇನೂ ಇಲ್ಲ ಅಕ್ಕ," ಎಂದು ಇಲ್ಲಮ್ಮ ನಕ್ಕಳು. "ಚಿಕ್ಕವಳಿದ್ದಾಗ ಹುಡುಕ್ದೆ. ಸಿಗಲಿಲ್ಲ. ಆಮೇಲೆ ಮನೆಕೆಲಸ ಜಾಸ್ತಿಯಾಯ್ತು." ಇದಕ್ಕೆ ಏನು ಹೇಳುವುದು! ಹೀಗೆಂದವಳೇ ಪ್ರತಿ ವಾರ ಕಣ್ಣು ಕಾಣದ ಅತ್ತೆಯನ್ನು ಕೈಹಿಡಿದು ಪ್ರಾರ್ಥನೆಗೆ ಕರೆದುಕೊಂಡು ಹೋಗುತ್ತಿದ್ದಳು. ಅತ್ತೆ ಒಳಗೆ, ಸೊಸೆ ಹೊರಗೆ ಮೆಟ್ಟಿಲ ಮೇಲೆ, ಅತ್ತೆಯ ಚಪ್ಪಲಿ ಕಾಯುತ್ತ. ಮಳೆ ಬಂದರೆ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ನೆಲ ಒರೆಸುವುದರಿಂದ ಕಟ್ಟು ಕಟ್ಟುವ ಕೆಲಸಕ್ಕೆ ಬಂದ ಮೇಲೆ ಅವಳದೊಂದು ಪದ್ಧತಿ ಇತ್ತು. ತೊಳೆದ ಇಕ್ಕಳಗಳನ್ನು ಲೆಕ್ಕಕ್ಕೆ ಸುಲಭವೆಂದು ಬಾಯಿ ಮುಚ್ಚಿ ಜೋಡಿಸುತ್ತಾರೆ. ಆದರೆ ಕಟ್ಟುವ ಮುಂಚೆ ಒಂದೊಂದರ ಬಾಯಿಯನ್ನೂ ಬಿಚ್ಚಬೇಕು. ಮುಚ್ಚಿದ ಹಲ್ಲುಗಳ ನಡುವೆ ಆವಿ ಹೋಗುವುದಿಲ್ಲ. ಕಟ್ಟಿನ ಮೇಲೆ ಅಂಟಿಸುವ ಪಟ್ಟಿ ಬಿಸಿಗೆ ಕಪ್ಪಾಗುತ್ತದೆ, ನಿಜ, ಆದರೆ ಒಳಗಿನ ಸಂಗತಿ ಅದಕ್ಕೇನು ಗೊತ್ತು? ಎಲ್ಲರೂ ಪಟ್ಟಿ ನೋಡಿ ಕಟ್ಟನ್ನು ಮೇಲೆ ಕಳಿಸುತ್ತಿದ್ದರು. ಇಲ್ಲಮ್ಮ ಮಾತ್ರ ಪ್ರತಿ ಕಟ್ಟನ್ನೂ ಹೆಬ್ಬೆರಳಿನಿಂದ ಒತ್ತಿ, ಇಕ್ಕಳ ಬಾಯಿ ಬಿಚ್ಚಿಕೊಂಡಿದೆಯೇ ಎಂದು ಬಟ್ಟೆಯ ಮೇಲಿನಿಂದಲೇ ಮುಟ್ಟಿ ನೋಡುತ್ತಿದ್ದಳು.

ದೊಡ್ಡಕ್ಕ ನಿವೃತ್ತಿಯಾಗಲು ಒಂದು ವಾರ ಉಳಿದಿತ್ತು. ಕೀಲಿಕೈ ಯಾರಿಗೆ ಎಂದು ಅವಳೇ ಹೆಸರು ಬರೆದುಕೊಡಬೇಕು. ಇಲ್ಲಮ್ಮನ ಹೆಸರು ನಾಲಿಗೆ ತುದಿಗೆ ಬಂದರೂ ಪೆನ್ನಿಗೆ ಇಳಿಯಲಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಕೆಲಸ, ತಪ್ಪು ಮಾಡಿದರೆ ನೋಡುವವನು ದೇವರೊಬ್ಬನೇ. ಅವನೇ ಇಲ್ಲ ಅನ್ನುವವಳಿಗೆ ಯಾರ ಭಯ? ಯೋಚನೆಯಲ್ಲಿ ತಪ್ಪೇನೂ ಇಲ್ಲ ಅನ್ನಿಸುತ್ತದೆ, ಅಲ್ಲವೇ? ದೊಡ್ಡಕ್ಕನಿಗೂ ಹಾಗೆಯೇ ಅನ್ನಿಸಿತ್ತು. ಬೇರೆ ವಾರ್ಡಿನವಳೊಬ್ಬಳ ಹೆಸರು ಬರೆದರಾಯಿತು ಎಂದುಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಒಬ್ಬಳು ರಜೆ ಹಾಕಿದ್ದರಿಂದ ದೊಡ್ಡಕ್ಕನೇ ಕಟ್ಟಲು ಕುಳಿತಳು. ಕಿವಿಗೂ ಭುಜಕ್ಕೂ ನಡುವೆ ಫೋನು, ಆ ಕಡೆ ಮಗಳು. ಬೀಳ್ಕೊಡುಗೆಗೆ ಯಾವ ಸೀರೆ, ಯಾರು ಯಾರು ಬರುತ್ತಾರೆ, ಮಾತೋ ಮಾತು. ಹನ್ನೆರಡು ಕಟ್ಟು ಕಟ್ಟಿ, ಪಟ್ಟಿಯ ಮೇಲೆ ಸಹಿ ಹಾಕಿ, ಯಂತ್ರಕ್ಕೆ ತಳ್ಳಿ ಪಟದ ಮುಂದೆ ಕಣ್ಣು ಮುಚ್ಚಿದಳು.

ನೆನಪಾದದ್ದು ಮಧ್ಯಾಹ್ನ, ಎರಡನೇ ತುತ್ತಿಗೆ. ಇಕ್ಕಳಗಳ ಬಾಯಿ ಬಿಚ್ಚಿರಲಿಲ್ಲ! ಕಟ್ಟುಗಳು ಆಗಲೇ ತಣ್ಣಗಾಗಿ ಬಂಡಿಯ ಪಕ್ಕದಲ್ಲಿದ್ದವು. ಮೂರು ಗಂಟೆಗೆ ಮೇಲಿನ ಮಹಡಿಯಲ್ಲಿ ಆಪರೇಷನ್. ಈಗ ತಪ್ಪಾಗಿದೆ ಅಂದರೆ ಮಧ್ಯಾಹ್ನದ ಆಪರೇಷನ್ನುಗಳೆಲ್ಲ ನಿಲ್ಲುತ್ತವೆ. ದೊಡ್ಡ ಡಾಕ್ಟರು ಕೂಗಾಡುತ್ತಾರೆ. ಮೂವತ್ತೊಂದು ವರ್ಷದ ಹೆಸರು ಕೊನೇ ವಾರದಲ್ಲಿ ಮಣ್ಣುಪಾಲು. ಅಷ್ಟಕ್ಕೂ ಅಷ್ಟು ಬಿಸಿಯಲ್ಲಿ ಆವಿ ಹೇಗೋ ಒಳಗೆ ಹೋಗಿರುತ್ತದೆ. ಪಟದ ಕಡೆ ತಿರುಗಿ, "ಕಾಪಾಡಪ್ಪ, ಯಾರಿಗೂ ಏನೂ ಆಗದ ಹಾಗೆ ನೋಡ್ಕೊ" ಎಂದು ಬೇಡಿಕೊಂಡಳು. ಬೇಡಿಕೊಂಡ ಮೇಲೆ ಮನಸ್ಸು ನಿಜವಾಗಿಯೂ ಹಗುರವಾಯಿತು. ಊಟ ಮಾತ್ರ ಸೇರಲಿಲ್ಲ, ಡಬ್ಬಿಯನ್ನು ತೆರೆದಂತೆಯೇ ಪಕ್ಕಕ್ಕೆ ಸರಿಸಿದಳು.

ಇಲ್ಲಮ್ಮ ಬಂದು ಕಟ್ಟುಗಳನ್ನು ಬಂಡಿಗೆ ಎತ್ತಿಡತೊಡಗಿದಳು. ಮೊದಲನೆಯದಕ್ಕೇ ಹೆಬ್ಬೆರಳು ನಿಂತಿತು.

"ಅಕ್ಕ, ಇದು ಬಾಯಿ ಮುಚ್ಕೊಂಡಿದೆ."

"ಆವಿ ಹೋಗಿರುತ್ತೆ ಬಿಡೇ. ದೇವರಿದ್ದಾನೆ."

"ಇರ್ಲಿ ಅಕ್ಕ. ಆದ್ರೆ ಇದು ಒಬ್ಬರ ಹೊಟ್ಟೆಯೊಳಗೆ ಹೋಗುತ್ತಲ್ಲ." ಇಷ್ಟು ಹೇಳಿ ಹನ್ನೆರಡು ಕಟ್ಟುಗಳನ್ನೂ ಪರಪರ ಬಿಚ್ಚಿ ಹಾಕಿದಳು. ಪಟ್ಟಿಯ ಮೇಲಿನ ಸಹಿ ಅವಳ ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ.

ಮೇಲಕ್ಕೆ ದೊಡ್ಡ ಡಾಕ್ಟರಿಗೆ ಫೋನು ಮಾಡಿದವಳೂ ಅವಳೇ. ಡಾಕ್ಟರ ಕೂಗು ಕೋಣೆಯ ಆಚೆ ಮೂಲೆಗೂ ಕೇಳಿಸಿತು. "ಯಾರ್ರೀ ಮಾಡಿದ್ದು?"

"ನಮ್ಮ ಕೋಣೆಯಿಂದ ಆಗಿರೋ ತಪ್ಪು ಸಾರ್. ಎರಡು ಗಂಟೆ ಟೈಮ್ ಕೊಡಿ, ಹೊಸದಾಗಿ ಕಳಿಸ್ತೀನಿ."

"ನಿಂದೇ ಇರ್ಬೇಕು! ನಾಳೆಯಿಂದ ಮತ್ತೆ ನೆಲ ಒರೆಸೋಕೆ ಹೋಗು!"

"ಆಗಲಿ ಸಾರ್," ಎಂದು ಫೋನಿಟ್ಟು ಇಲ್ಲಮ್ಮ ಇಕ್ಕಳದ ರಾಶಿಯ ಮುಂದೆ ಕುಳಿತಳು. ಒಂದೊಂದನ್ನೇ ಎತ್ತಿ, ಕಟಕ್ಕೆಂದು ಬಾಯಿ ಬಿಚ್ಚತೊಡಗಿದಳು. ದೊಡ್ಡಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಮಾತು ಬೈದಿದ್ದರೆ ದೊಡ್ಡಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಂಜೆ ಆಪರೇಷನ್ನುಗಳು ಸುಸೂತ್ರವಾಗಿ ಮುಗಿದವು. ಅಷ್ಟರಲ್ಲಿ ಇಲ್ಲಮ್ಮನನ್ನು ಆ ಕೋಣೆಯಿಂದ ತೆಗೆಯುವ ಕಾಗದ ಸೂಪರಿಂಟೆಂಡೆಂಟರ ಮೇಜಿಗೆ ಬಂದಿದೆಯಂತೆ ಎಂದು ಸುದ್ದಿ ಹಬ್ಬಿತು. ದೊಡ್ಡಕ್ಕ ಸುಮ್ಮನಿದ್ದರೆ ಸಾಕಿತ್ತು. ಹೆಸರಿಗೆ ಮಸಿ ಹತ್ತುತ್ತಿರಲಿಲ್ಲ, ಕೀಲಿಕೈ ಚಿಂತೆಯೂ ತೀರುತ್ತಿತ್ತು. ಪಟದ ಮುಂದೆ ನಿಂತಳು. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಲಿಫ್ಟಿಗೂ ಕಾಯದೆ, ಮಂಡಿ ನೋವಿನ ಕಾಲಿನಲ್ಲಿ ಮೂರು ಮಹಡಿ ಹತ್ತಿದಳು.

"ತಪ್ಪು ನಂದು ಸಾರ್," ಎಂದಳು ಏದುಸಿರು ಬಿಡುತ್ತ. "ಕಟ್ಟಿದ್ದು ನಾನು. ಮಧ್ಯಾಹ್ನವೇ ನೆನಪಾಗಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಹಿಡಿದದ್ದು ಅವಳು."

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿದರು. ದೊಡ್ಡಕ್ಕನ ಜೀವಮಾನದ ಮೊದಲ ಲಿಖಿತ ಎಚ್ಚರಿಕೆ ಅಲ್ಲೇ ಟೈಪಾಯಿತು. ಅದಕ್ಕೆ ಸಹಿ ಹಾಕಿದ ಪೆನ್ನಿನಲ್ಲೇ ದೊಡ್ಡಕ್ಕ ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು, ಕೀಲಿಕೈಗೆ ಇಲ್ಲಮ್ಮನ ಹೆಸರು ಬರೆದಳು.

ಕೊನೆಯ ದಿನ ಕೀಲಿಕೈ ಕೊಡುವಾಗ ನೋಡಿದರೆ, ಆವಿಯಿಂದ ಮಸುಕಾಗಿದ್ದ ಪಟದ ಗಾಜನ್ನು ಇಲ್ಲಮ್ಮ ಒರೆಸುತ್ತಿದ್ದಳು.

"ತೆಗೆದುಬಿಡ್ತೀಯೇನೋ ಅಂದ್ಕೊಂಡಿದ್ದೆ," ಎಂದಳು ದೊಡ್ಡಕ್ಕ.

"ಯಾಕಕ್ಕ? ಮಿಕ್ಕವರಿಗೆ ಬೇಕಲ್ಲ."

ದೊಡ್ಡಕ್ಕ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟಳು. ಬಿಟ್ಟುಕೊಡಲು ಆಗದವಳಂತೆ ಸ್ವಲ್ಪ ಹೊತ್ತು ಹಿಡಿದೇ ನಿಂತಳು. "ಒಂದು ಮಾತು ಕೇಳ್ತೀನಿ. ನನಗೆ ಮೊದಲೇ ನೆನಪಾಗಿತ್ತು ಅಂತ ಅವತ್ತು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಊಟ ಅರ್ಧಕ್ಕೇ ಬಿಟ್ಟಿದ್ರಿ."

"ಮತ್ತೆ ಡಾಕ್ಟರು ಅಷ್ಟು ಬೈದಾಗ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

ಇಲ್ಲಮ್ಮ ಬಟ್ಟೆ ಮಡಚಿ ಮೇಜಿನ ಮೇಲಿಟ್ಟಳು. "ನೀವೇ ಹೇಳ್ತೀರ ಅಂತ ನಂಬಿದ್ದೆ ಅಕ್ಕ."

ದೊಡ್ಡಕ್ಕನಿಗೆ ಅಳು ತಡೆಯಲಾಗಲಿಲ್ಲ.